ವೌಚರ್ ಇಲ್ಲದೆ ಎಂಟ್ರಿ ಇಲ್ಲ: ನನ್ನ 2024ರ ಲೆಕ್ಕ

ಡಿಸೆಂಬರ್ 29, ಭಾನುವಾರ. ಮಧ್ಯಾಹ್ನದ ಊಟ ಮುಗಿಸಿ ನಮ್ಮ ಮನೆಯವರು ಮಗಳನ್ನು ಕರೆದುಕೊಂಡು ಠಾಣೆ ಊರಿಗೆ ಹೋದರು. ಅವರ ಅಕ್ಕನ ಮನೆಯಲ್ಲಿ ಪೂಜೆ ಇತ್ತು. ನಾನು ಉಳಿದುಕೊಂಡೆ. ಮುಂಬೈ ಹತ್ತಿರದ ಡೊಂಬಿವಲಿಯ ನಮ್ಮ ಚಿಕ್ಕ ಮನೆಯಲ್ಲಿ ನಾಲ್ಕು ತಾಸು ಒಬ್ಬಳೇ ಇರೋದು ಅಪರೂಪ. ಹಾಲ್‌ನಲ್ಲಿ ಚಾಪೆ ಹಾಸಿದೆ. ಅದರ ಮೇಲೆ ವರ್ಷದ ಡೈರಿ, ಪೋಸ್ಟ್ ಆಫೀಸಿನ ಪಾಸ್‌ಬುಕ್, ಗ್ರಂಥಾಲಯದ ಕಾರ್ಡು, ಮೊಬೈಲು, ಆಸ್ಪತ್ರೆಯ ಫೈಲು, ಅಂಟುಪಟ್ಟಿ ಹರಿದ ಒಂದು ಡ್ರಾಯಿಂಗ್ ಹಾಳೆ, ಎಲ್ಲ ಹರಡಿಕೊಂಡು ಕೂತೆ.

ನಾನು ಅಕೌಂಟ್ಸ್ ಕೆಲಸದವಳು. ಮುಂಬೈಯ ಫೋರ್ಟ್‌ನಲ್ಲಿ ಒಂದು ಸಣ್ಣ ಆಫೀಸಿನಲ್ಲಿ ಹದಿನಾಲ್ಕು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. ನನಗೆ ಕೆಲಸ ಕಲಿಸಿದ ಹಿರಿಯರು ಮೊದಲ ದಿನವೇ ಒಂದು ಮಾತು ಹೇಳಿದ್ದರು. ವೌಚರ್ ಇಲ್ಲದೆ ಎಂಟ್ರಿ ಇಲ್ಲ. ಖರ್ಚಾಗಿದೆ ಅಂತ ಯಾರು ಎಷ್ಟೇ ಬಾಯಿಮಾತಲ್ಲಿ ಹೇಳಲಿ, ಚೀಟಿ ಕೈಗೆ ಬರೋ ತನಕ ಪುಸ್ತಕದಲ್ಲಿ ಬರೆಯಬಾರದು.

ಪ್ರತಿ ವರ್ಷ ಜನವರಿ 1ಕ್ಕೆ ನಾನು ಡೈರಿಯ ಮೊದಲ ಪುಟದಲ್ಲಿ ಗುರಿಗಳನ್ನು ಬರೆಯುತ್ತೇನೆ. ಡಿಸೆಂಬರ್‌ನಲ್ಲಿ ಆ ಪುಟ ತೆರೆದು, ಇದು ಸ್ವಲ್ಪ ಆಯ್ತು, ಇದು ಆಗಲಿಲ್ಲ ಅಂತ ಅಂದಾಜಿನಲ್ಲಿ ಗುರುತು ಹಾಕಿ ಮುಚ್ಚಿಡುತ್ತೇನೆ. ಹಾಗೆ ಅಂದಾಜು ಹಾಕುವಾಗ ಆ ಹೊತ್ತಿನ ಮನಸ್ಸು ಹೇಗಿದೆಯೋ ವರ್ಷವೂ ಹಾಗೇ ಕಾಣುತ್ತೆ. ದಣಿದಿದ್ದರೆ ಏನೂ ಆಗಿಲ್ಲ ಅನಿಸುತ್ತೆ. ಖುಷಿಯಲ್ಲಿದ್ದರೆ ಎಲ್ಲ ಆಗಿದೆ ಅನಿಸುತ್ತೆ. ಈ ಸಲ ಹಾಗೆ ಬೇಡ, ಆಫೀಸಿನಲ್ಲಿ ವರ್ಷದ ಪುಸ್ತಕ ಮುಚ್ಚುವ ಹಾಗೇ ಮುಚ್ಚೋಣ ಅಂದುಕೊಂಡೆ. ಒಂದು ಉದ್ದ ಹಾಳೆಯಲ್ಲಿ ಮೂರು ಕಾಲಂ ಗೆರೆ ಹಾಕಿದೆ. ಬರೆದದ್ದು, ಆದದ್ದು, ವೌಚರ್.

ಬರೆದದ್ದು ಆರು. ಮುಂದಿನ ಮುಂಬೈ ಮ್ಯಾರಥಾನ್‌ನಲ್ಲಿ 10 ಕಿ.ಮೀ. ಓಡಬೇಕು. 24 ಪುಸ್ತಕ ಓದಬೇಕು. ಮಗಳ ಹೆಸರಲ್ಲಿ ಸುಕನ್ಯಾ ಸಮೃದ್ಧಿ ಖಾತೆ ತೆರೆದು ತಿಂಗಳಿಗೆ 3,000 ರೂಪಾಯಿಯಂತೆ 36,000 ಕಟ್ಟಬೇಕು. ಮಗಳಿಗೆ ಕನ್ನಡ ಓದು ಬರಹ ಕಲಿಸಬೇಕು. ಅವ್ವನ ಕಣ್ಣಿನ ಪೊರೆ ತೆಗೆಸಬೇಕು. ಸಿಟ್ಟು ಕಡಿಮೆ ಮಾಡಿಕೊಳ್ಳಬೇಕು.

ಓಟದಿಂದ ಶುರು ಮಾಡಿದೆ. ಮುಂಬೈ ಮ್ಯಾರಥಾನ್ ಪ್ರತಿ ವರ್ಷ ಜನವರಿಯ ಮೂರನೇ ಭಾನುವಾರ ನಡೆಯುತ್ತೆ. ಅದು ಹೊರಡುವ ಸಿಎಸ್‌ಎಂಟಿ ರೈಲು ನಿಲ್ದಾಣ ನಮ್ಮ ಆಫೀಸಿನಿಂದ ಹತ್ತು ನಿಮಿಷದ ದಾರಿ. ಜನವರಿ ಬಂತೆಂದರೆ ರಸ್ತೆ ಪಕ್ಕದಲ್ಲಿ ಬೇಲಿ ಕಟ್ಟುವುದು, ಬ್ಯಾನರ್ ಏರುವುದು ನೋಡುತ್ತಾ ಹೋಗುತ್ತೇನೆ. 42.195 ಕಿ.ಮೀ. ಓಡುವವರ ಮಾತು ಬಿಡಿ, ಹತ್ತಾದರೂ ಓಡಬೇಕು ಅನ್ನೋ ಆಸೆ ನನಗೆ ಬಹಳ ದಿನದ್ದು. ಮೊಬೈಲಿನ ಆ್ಯಪ್ ತೆಗೆದು ದಿನ ಎಣಿಸಿದೆ. ಜನವರಿಯಲ್ಲಿ 11 ದಿನ. ಫೆಬ್ರವರಿಯಲ್ಲಿ 6. ಮಾರ್ಚ್‌ನಲ್ಲಿ 2. ಮೇನಲ್ಲಿ 1. ನವೆಂಬರ್‌ನಲ್ಲಿ 3. ಒಟ್ಟು 23 ದಿನ. ಒಂದೇ ಸಲಕ್ಕೆ ಅತಿ ಜಾಸ್ತಿ ಓಡಿದ್ದು 3.8 ಕಿ.ಮೀ. ಮ್ಯಾರಥಾನ್‌ಗೆ ಹೆಸರು ಕೂಡ ಕೊಟ್ಟಿರಲಿಲ್ಲ.

ಕಾರಣ ಹುಡುಕಿದರೆ ಬೇಕಾದಷ್ಟು ಇತ್ತು. ಮಾರ್ಚ್ ಎಂಡ್. ಏಪ್ರಿಲ್, ಮೇ ತಿಂಗಳ ಬೆವರು. ಜೂನ್‌ನಿಂದ ಮಳೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟರೆ ವಾಪಸ್ ಬರೋದು ಪೌಣೆ ಎಂಟಕ್ಕೆ. ಆದರೆ ಇದೇ ಮಾರ್ಚ್‌ನಲ್ಲಿ, ಇದೇ ಮಳೆಯಲ್ಲಿ, ಪ್ರತಿ ತಿಂಗಳ 11ಕ್ಕೆ ಮತ್ತು 20ಕ್ಕೆ ಹೋಗಬೇಕಾದ ಜಿಎಸ್‌ಟಿ ರಿಟರ್ನ್‌ಗಳನ್ನು ನಾನು ಒಂದು ಸಲವೂ ತಡ ಮಾಡಿಲ್ಲ. ಹಾಗಾಗಿ ಹೊತ್ತಿಲ್ಲ ಅಂತ ಬರೆಯಲು ಪೆನ್ನು ಏಳಲಿಲ್ಲ. ಕಾರಣದ ಜಾಗ ಖಾಲಿ ಬಿಟ್ಟು ಮುಂದೆ ಹೋದೆ.

ಪುಸ್ತಕ. ಬರೆದದ್ದು 24, ಓದಿದ್ದು 9. ನಾನು ಓದುವುದೆಲ್ಲ ಲೋಕಲ್ ಟ್ರೇನ್‌ನಲ್ಲೇ. ಬೆಳಿಗ್ಗೆ ಲೇಡೀಸ್ ಡಬ್ಬಿಯ ಗದ್ದಲದಲ್ಲಿ ಪುಸ್ತಕ ತೆಗೆಯಲು ಜಾಗ ಇರಲ್ಲ. ಸಂಜೆ ಸಿಎಸ್‌ಎಂಟಿಯಿಂದಲೇ ಹತ್ತುವುದರಿಂದ ಸೀಟು ಸಿಗುತ್ತೆ, ಓದಬಹುದು. ಒಂಬತ್ತು ಕಡಿಮೆಯೇನಲ್ಲ. ಎರಡು ಪುಸ್ತಕವಂತೂ ದಾದರ್ ದಾಟಿದ್ದು, ಠಾಣೆ ಬಂದದ್ದು ಗೊತ್ತೇ ಆಗದ ಹಾಗೆ ಹಿಡಿದಿಟ್ಟಿದ್ದವು. ಆದರೆ ವೌಚರ್ ಕಾಲಂ ತುಂಬುವಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಆ ಒಂಬತ್ತೂ ಇಲ್ಲಿನ ಕನ್ನಡ ಸಂಘದ ಗ್ರಂಥಾಲಯದಿಂದ ತಂದವು. ಕಾರ್ಡಿನಲ್ಲಿ ತಂದ ತಾರೀಖು, ಕೊಟ್ಟ ತಾರೀಖು ಎಲ್ಲ ಇತ್ತು. ಅದೇ ವರ್ಷ ದುಡ್ಡು ಕೊಟ್ಟು ಕೊಂಡ ನಾಲ್ಕು ಪುಸ್ತಕ ಕಪಾಟಿನಲ್ಲಿ ಕೂತಿವೆ. ಒಂದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿಲ್ಲ.

ನನ್ನದೇ ದುಡ್ಡಿನ, ನಾನೇ ಆರಿಸಿ ತಂದ ಪುಸ್ತಕ. ಅದನ್ನೇ ಓದಿಲ್ಲ. ವಾಪಸ್ ಕೊಡಬೇಕಾದದ್ದನ್ನು ಮಾತ್ರ ಓದಿದ್ದೇನೆ. ಗ್ರಂಥಾಲಯದಲ್ಲಿ ಕೂರುವ ಕಾಕಾ ಪ್ರತಿ ಸಲ ಕೇಳುತ್ತಾರೆ, "ಮುಗೀತೇನ್ರೀ? ಹೆಂಗಿತ್ತು?" ಅಂತ. ಹೇಗಿತ್ತು ಅಂತ ಹೇಳಬೇಕಲ್ಲ ಅಂತಲೇ ಕೊನೇ ಇಪ್ಪತ್ತು ಪುಟ ಪ್ಲಾಟ್‌ಫಾರ್ಮ್ ಮೇಲೆ ನಿಂತು ಓದಿ ಮುಗಿಸಿದ್ದು ನೆನಪಾಯಿತು.

ಹಾಳೆಯ ಬಲಗಡೆ ಇನ್ನೊಂದು ಗೆರೆ ಎಳೆದೆ. ನಾಲ್ಕನೇ ಕಾಲಂ. ಅದಕ್ಕೆ ಹೆಸರು ಕೊಟ್ಟೆ: ಯಾರು ಕೇಳಿದರು? ಪುಸ್ತಕದ ಮುಂದೆ ಗ್ರಂಥಾಲಯದ ಕಾಕಾ ಅಂತ ಬರೆದೆ. ಓಟದ ಮುಂದೆ ಬರೆಯಲು ಯಾರೂ ಇರಲಿಲ್ಲ.

ಸುಕನ್ಯಾ ಖಾತೆಯದು ಬೇರೆ ಕಥೆ. ಹೆಣ್ಣುಮಗು ಇರುವವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು ಅನಿಸುತ್ತೆ. ಈ ಖಾತೆಯನ್ನು ಮಗುವಿಗೆ 10 ವರ್ಷ ತುಂಬುವ ಮೊದಲೇ ತೆರೆಯಬೇಕು. ತುಂಬಿದ ಮೇಲೆ ಆಗಲ್ಲ. ವರ್ಷಕ್ಕೆ ಕಡಿಮೆ ಅಂದರೆ 250 ರೂಪಾಯಿ, ಜಾಸ್ತಿ ಅಂದರೆ ಒಂದೂವರೆ ಲಕ್ಷ ಕಟ್ಟಬಹುದು. ಕಟ್ಟುವುದು 15 ವರ್ಷ, ಖಾತೆ ಪಕ್ವವಾಗುವುದು ತೆರೆದ ದಿನದಿಂದ 21 ವರ್ಷಕ್ಕೆ. 2024ರಲ್ಲಿ ಬಡ್ಡಿ ಶೇಕಡಾ 8.2 ಇತ್ತು. ತಿಂಗಳ 5ನೇ ತಾರೀಖಿನ ಒಳಗೆ ಕಟ್ಟಿದರೆ ಆ ತಿಂಗಳ ಬಡ್ಡಿ ಸಿಗುತ್ತೆ, 6ಕ್ಕೆ ಕಟ್ಟಿದರೆ ಆ ಹಣಕ್ಕೆ ಆ ತಿಂಗಳ ಬಡ್ಡಿ ಇಲ್ಲ. ಈ ಖಾತೆಯ ವಿಷಯ ನನಗೆ ಅದು ಶುರುವಾದಾಗಿನಿಂದ ಗೊತ್ತು. ಆಫೀಸಿನಲ್ಲಿ ಬೇರೆಯವರಿಗೆ ಫಾರ್ಮ್ ತುಂಬಿ ಕೊಟ್ಟಿದ್ದೇನೆ. ನನ್ನ ಮಗಳದು ಮಾತ್ರ ಒಂಬತ್ತು ವರ್ಷ ಮುಂದೆ ಹೋಗುತ್ತಲೇ ಬಂತು.

2024ರ ಆಗಸ್ಟ್ 9ಕ್ಕೆ ಅವಳಿಗೆ ಹತ್ತು ತುಂಬುತ್ತಿತ್ತು. ಜೂನ್‌ನಲ್ಲಿ ಕಾಗದಪತ್ರ ತೆಗೆದು ನೋಡಿದರೆ ಜನನ ಪ್ರಮಾಣಪತ್ರದಲ್ಲಿ ಒಂದು ರೀತಿ ಹೆಸರು, ಆಧಾರ್‌ನಲ್ಲಿ ಇನ್ನೊಂದು ರೀತಿ. ಒಂದರಲ್ಲಿ ಅಡ್ಡಹೆಸರು ಇದೆ, ಇನ್ನೊಂದರಲ್ಲಿ ಇಲ್ಲ. ಅದನ್ನು ಸರಿಮಾಡಿಸಲು ಮೂರು ಸಲ ಅರ್ಧ ದಿನ ರಜೆ ಹಾಕಿ ಓಡಾಡಿದೆ. ಜುಲೈ 22ಕ್ಕೆ, ಹುಟ್ಟುಹಬ್ಬಕ್ಕೆ 18 ದಿನ ಇರುವಾಗ, ಪೋಸ್ಟ್ ಆಫೀಸಿನ ಕೌಂಟರ್‌ನಲ್ಲಿ ಪಾಸ್‌ಬುಕ್ ಕೈಗೆ ಬಂತು. ಅಲ್ಲೇ ಬೆಂಚಿನ ಮೇಲೆ ಕೂತು ಅವಳ ಹೆಸರನ್ನು ಎರಡು ಸಲ ಓದಿದೆ. ಡಿಸೆಂಬರ್ ತನಕ ಆರು ಕಂತು, 18,000 ರೂಪಾಯಿ. ಬರೆದದ್ದರ ಅರ್ಧ. ಈ ಎಂಟ್ರಿ ಬರೆಯುವಾಗ ನನಗೆ ಬೇಜಾರಾಗಲಿಲ್ಲ. ಯಾರು ಕೇಳಿದರು ಅನ್ನುವ ಕಡೆ ಆಗಸ್ಟ್ 9 ಅಂತ ತಾರೀಖನ್ನೇ ಬರೆದೆ.

ಅದೇ ದಿನ ಅದೇ ಪೋಸ್ಟ್ ಆಫೀಸಿನಲ್ಲಿ ಎರಡೂವರೆ ರೂಪಾಯಿ ಕೊಟ್ಟು ಒಂದು ಇನ್‌ಲ್ಯಾಂಡ್ ಲೆಟರ್ ಕೂಡ ತಂದಿದ್ದೆ. ಆ ನೀಲಿ ಕಾಗದದ ವಿಷಯ ಹೇಳಬೇಕೆಂದರೆ ಫೆಬ್ರವರಿಗೆ ಹೋಗಬೇಕು.

ಮಗಳು ಇಲ್ಲೇ ಹುಟ್ಟಿದವಳು. ಇಂಗ್ಲಿಷ್ ಮೀಡಿಯಂ ಶಾಲೆ, ಜೊತೆಗೆ ಹಿಂದಿ, ಮರಾಠಿ. ಮನೆಯಲ್ಲಿ ನಮ್ಮ ಧಾರವಾಡ ಕಡೆಯ ಕನ್ನಡ ಚೆನ್ನಾಗೇ ಮಾತಾಡುತ್ತಾಳೆ. ಆದರೆ ಒಂದು ಅಕ್ಷರ ಓದಲು ಬರುತ್ತಿರಲಿಲ್ಲ. ಕ್ಯಾಲೆಂಡರ್ ಮೇಲಿನ ಕನ್ನಡ ಅವಳಿಗೆ ಬರೀ ಗೋಲ ಗೋಲ ಚಿತ್ರ. ನಾನು ಕನ್ನಡ ಶಾಲೆಯಲ್ಲಿ ಕಲಿತ ಹಾಗೇ ಶುರು ಮಾಡಿದೆ. ಅ ಆ ಇ ಈ. ಊಟ ಆದ ಮೇಲೆ ಹದಿನೈದು ನಿಮಿಷ, ಒಂದು ಅಕ್ಷರ ಹತ್ತು ಸಲ. ವರ್ಣಮಾಲೆಯಲ್ಲಿ 49 ಅಕ್ಷರ. ಋ ದಾಟುವಷ್ಟರಲ್ಲಿ ಅವಳು ಪೆನ್ಸಿಲ್ ಇಟ್ಟು ಎದ್ದುಹೋಗಲು ಶುರು ಮಾಡಿದಳು. ತಪ್ಪು ಅವಳದಲ್ಲ. ಅವಳಿಗೆ ಆಗಲೇ ಮೂರು ಭಾಷೆಯ ಹೋಂವರ್ಕ್ ಇತ್ತು, ಇದು ನಾಲ್ಕನೆಯದು. ಮಾರ್ಚ್ ಎಂಡ್ ಬಂತು, ನಾನೂ ಬಿಟ್ಟೆ.

ಯುಗಾದಿ ಹಬ್ಬಕ್ಕೆ ಅವ್ವನಿಗೆ ಫೋನ್ ಮಾಡಿದಾಗ ಮಾತಿನ ನಡುವೆ ಈ ಸುದ್ದಿ ಬಂತು. ಅವ್ವ ಊರಿನಲ್ಲಿ ತಮ್ಮನ ಜೊತೆ ಇದ್ದಾಳೆ. ಓದಿದ್ದು ನಾಲ್ಕನೇ ಇಯತ್ತೆ. ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. "ಪುಟ್ಟಿ ಕನ್ನಡ ಬರಿಯಾಕ ಕಲಿಯಾಕತ್ತಾಳೇನು? ಹಂಗಾದ್ರ ನನಗೊಂದ ಕಾಗದ ಬರೀ ಅನ್ನು" ಅಂದಳು. ನಾನು ಹೂಂ ಅಂದು ಸುಮ್ಮನಾದೆ. ಆದರೆ ಅವ್ವ ಸುಮ್ಮನಾಗಲಿಲ್ಲ. ಪ್ರತಿ ಭಾನುವಾರ ಫೋನಿನಲ್ಲಿ ಮೊಮ್ಮಗಳನ್ನು ಕೇಳುವುದು ಒಂದೇ, "ಕಾಗದ ಎಲ್ಲೀ ತನಕ ಬಂತವಾ?"

ಕಾಗದ ಬರೆಯಬೇಕು ಅಂದಮೇಲೆ ಕಲಿಕೆಯ ದಾರಿಯೇ ಬದಲಾಯಿತು. ವರ್ಣಮಾಲೆ ಬದಿಗಿಟ್ಟೆವು. ಅವಳು ಅಜ್ಜಿಗೆ ಏನು ಹೇಳಬೇಕು ಅಂತಿದ್ದಳೋ ಆ ಮಾತುಗಳಿಂದ ಶುರು ಮಾಡಿದೆವು. ಅಜ್ಜಿ. ಬಾ. ಮಳೆ. ಊಟ. ಬೇಳೆ ಸಾರು. ಬೇಕಾದ ಅಕ್ಷರ ಬೇಕಾದಾಗ ಬಂತು. ಅಲ್ಲಿಂದ ಜುಲೈ ತನಕ ನನಗೆ ನನ್ನ ಭಾಷೆಯ ಬಗ್ಗೆಯೇ ಗೊತ್ತಿರದ ಎಷ್ಟೋ ವಿಷಯ ಗೊತ್ತಾದವು.

ಮೊದಲನೆಯದು ಎ ಮತ್ತು ಏ. ಅವಳು ಮರಾಠಿ, ಹಿಂದಿ ಬರೆದು ರೂಢಿಯಾದವಳು. ಆ ಲಿಪಿಯಲ್ಲಿ ಇದಕ್ಕೆ ಒಂದೇ ಮಾತ್ರೆ. ನಮ್ಮಲ್ಲಿ ಗಿಡ್ಡದ್ದು ಬೇರೆ, ಉದ್ದದ್ದು ಬೇರೆ. ಒ, ಓ ಕೂಡ ಹಾಗೇ. ಅವಳು ಎಲ್ಲ ಕಡೆ ಗಿಡ್ಡದ್ದನ್ನೇ ಹಾಕುತ್ತಿದ್ದಳು. ಬೇಳೆ ಸಾರು ಬೆಳೆ ಸಾರು ಆಗುತ್ತಿತ್ತು. ಮೇಲೆ ಮೆಲೆ ಆಗುತ್ತಿತ್ತು. ಹೋಗು ಹೊಗು ಆಗುತ್ತಿತ್ತು. ಮಾತಾಡುವಾಗ ಒಂದು ಸಲವೂ ತಪ್ಪುತ್ತಿರಲಿಲ್ಲ. ಕಿವಿಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ. ಹಾಗಾಗಿ ಕೈಗೆ ಕಲಿಸಲು ಚಪ್ಪಾಳೆ ಹಿಡಿದೆವು. ಶಬ್ದವನ್ನು ಜೋರಾಗಿ ಹೇಳುವುದು. ಉದ್ದ ಸ್ವರ ಬಂದರೆ ಎರಡು ಚಪ್ಪಾಳೆ, ಗಿಡ್ಡದ್ದಕ್ಕೆ ಒಂದು. ಎರಡು ಬಿದ್ದ ಕಡೆ ದೀರ್ಘ ಹಾಕುವುದು. ಮೇ ತಿಂಗಳ ರಜೆಯಲ್ಲಿ ಗ್ಯಾಲರಿಯಲ್ಲಿ ಕೂತು ಅವಳು "ಕೆರೆ" ಒಂದು ಚಪ್ಪಾಳೆ, "ಕೇರಿ" ಎರಡು ಚಪ್ಪಾಳೆ ಅಂತ ತಾನೇ ಶಬ್ದ ಹುಡುಕಿ ತಟ್ಟುತ್ತಿದ್ದಳು.

ಎರಡನೆಯದು ಒತ್ತಕ್ಷರ. ಇದಕ್ಕೆ ಜಾಸ್ತಿ ದಿನ ಹಿಡಿಯಿತು. ಪುಸ್ತಕ ಅಂತ ಮರಾಠಿಯಲ್ಲಿ ಬರೆಯುವಾಗ ಮೊದಲು ಅರ್ಧ ಸ ಬರುತ್ತೆ, ಆಮೇಲೆ ಪೂರ್ತಿ ತ. ಕನ್ನಡದಲ್ಲಿ ಸ ಪೂರ್ತಿಯಾಗಿ ಮೇಲೆ ಕೂರುತ್ತೆ, ತ ಸಣ್ಣದಾಗಿ ಕೆಳಗೆ ಬರುತ್ತೆ. ಪೂರ್ತಿ ಅಕ್ಷರ ಯಾವುದು ಅಂದರೆ ಅವಳ ಕೈ ತ ಕಡೆಗೇ ಹೋಗುತ್ತಿತ್ತು. ಹಾಗಾಗಿ ಪುತ್ಸಕ ಅಂತ ಬರೆಯುತ್ತಿದ್ದಳು. ನಾನು ಮೊದಮೊದಲು ತಪ್ಪು ಅಂತ ಹೊಡೆದು ಹಾಕುತ್ತಿದ್ದೆ. ಒಂದು ದಿನ ಅವಳೇ ಮರಾಠಿ ಪಠ್ಯ ತಂದು ಪಕ್ಕದಲ್ಲಿಟ್ಟು, "ಅಲ್ಲಿ ಕೊನೇದು ದೊಡ್ಡದು, ಇಲ್ಲಿ ಮೊದಲನೇದು ದೊಡ್ಡದು, ಹೌದಲ್ವಾ ಅಮ್ಮ?" ಅಂದಳು. ಆ ಭೇದವನ್ನು ನಾನು ಯಾವತ್ತೂ ಗಮನಿಸಿರಲಿಲ್ಲ. ಅವತ್ತಿನಿಂದ ಕೆಂಪು ಪೆನ್ನು ಎತ್ತಿಟ್ಟೆ. ಅಕ್ಕ, ಅಪ್ಪ, ಕಣ್ಣು ಇಂಥವು ಸುಲಭ, ಒಂದೇ ಅಕ್ಷರ ಎರಡು ಸಲ. ಅದರಿಂದ ಶುರು ಮಾಡಿ ನಿಧಾನಕ್ಕೆ ಪುಸ್ತಕ, ರಸ್ತೆ ಕಡೆ ಬಂದೆವು.

ಜುಲೈ 8ರ ಬೆಳಗಿನ ಜಾವ ಮುಂಬೈಯ ಕೆಲವು ಕಡೆ ಆರೇ ತಾಸಿನಲ್ಲಿ 300 ಮಿ.ಮೀ.ಗಿಂತ ಜಾಸ್ತಿ ಮಳೆ ಸುರಿಯಿತು. ಹಳಿ ಮೇಲೆ ನೀರು. ನಾನು ಠಾಣೆ ತನಕ ಹೋಗಿ, ಪ್ಲಾಟ್‌ಫಾರ್ಮ್ ಮೇಲೆ ಮೂರು ತಾಸು ನಿಂತು, ವಾಪಸ್ ಬಂದೆ. ಒದ್ದೆ ಸೀರೆಯಲ್ಲಿ ಬಾಗಿಲು ತಟ್ಟಿದಾಗ ಅವಳ ಮುಖದಲ್ಲಿ ಕಾಣಿಸಿದ್ದು ಬರೀ ಖುಷಿ. ಅಜ್ಜಿಗೆ ಬರೆಯಲು ಸುದ್ದಿ ಸಿಕ್ಕಿತ್ತು.

ಆ ನೀಲಿ ಕಾಗದ ತುಂಬಲು ಆರು ದಿನ ಬೇಕಾಯಿತು. ಮೊದಲು ಪೆನ್ಸಿಲ್ ಗೆರೆ, ಆಮೇಲೆ ಅಕ್ಷರ. ಹನ್ನೊಂದು ಸಾಲು. ನಾನು ಒಂದನ್ನೂ ತಿದ್ದಲಿಲ್ಲ. "ಮಳೆ ಬಂತು. ಟ್ರೇನ್ ನಿಂತಿತು. ಅಮ್ಮ ಆಫೀಸಿಗೆ ಹೊಗಲಿಲ್ಲ. ಬೆಳೆ ಸಾರು ಮಾಡಿದಳು." ಕೊನೆಯಲ್ಲಿ ತನ್ನ ಹೆಸರು, ಅದರ ಕೆಳಗೆ ವಿಳಾಸ, ಪಿನ್ ಕೋಡ್ ಕೂಡ. ಹುಟ್ಟುಹಬ್ಬ ಮುಗಿದ ಮೇಲಿನ ಸೋಮವಾರ ಅವಳೇ ಕೆಂಪು ಡಬ್ಬಿಗೆ ಹಾಕಿದಳು. ಹಾಕಿದ ಮೇಲೂ ಕೈ ಒಳಗೆ ಬಿಟ್ಟು ಬಿದ್ದಿದೆಯೋ ಇಲ್ಲವೋ ನೋಡಿದಳು.

ಎರಡು ವಾರ ಆದಮೇಲೆ ಭಾನುವಾರದ ಫೋನಿನಲ್ಲಿ ಅವ್ವ, "ಕಾಗದ ಬಂತವಾ" ಅಂದಳು. ದನಿಯಲ್ಲಿ ಖುಷಿ ಇರಲಿಲ್ಲ. "ಬಾಜೂ ಮನಿ ಹುಡುಗ ಓದಿ ಹೇಳಿದ. ನನಗ ಅಕ್ಷರ ಎಲ್ಲಾ ಮಂಜ ಮಂಜ ಕಾಣಸ್ತಾವು." ಸ್ಪೀಕರ್ ಹಾಕಿತ್ತು. ಮಗಳು ಕೇಳಿಸಿಕೊಂಡಳು. "ಅಜ್ಜಿ, ನೀನು ಓದಲಿಲ್ವಾ?" ಅಂತ ಕೇಳಿದಳು. "ಇಲ್ಲವಾ." "ಮತ್ತೆ ನನಗ್ಯಾಕೆ ಬರಿ ಅಂದೆ?"

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಫೋನ್ ಕಟ್ಟಾಯಿತೇನೋ ಅಂದುಕೊಂಡೆ. ಆಮೇಲೆ ಅವ್ವ ನಿಧಾನಕ್ಕೆ ಹೇಳಿದಳು, "ದಸರಾ ಮುಗೀಲಿ. ಬರ್ತೀನಿ. ಕಣ್ಣ ಮಾಡಿಸೇ ಬಿಡ್ರಿ."

ಅವ್ವನ ಕಣ್ಣಿನ ಪೊರೆ 2022ರಿಂದ ನನ್ನ ಡೈರಿಯಲ್ಲಿತ್ತು. ಮೂರು ವರ್ಷ ಅದೇ ಸಾಲು. ನಾನು ಹೇಳಿದಾಗೆಲ್ಲ ಒಂದೊಂದು ಉತ್ತರ. ಬಿತ್ತನೆ ಆಗಲಿ, ಸುಗ್ಗಿ ಮುಗೀಲಿ, ನನಗೆಲ್ಲಾ ಕಾಣಸ್ತೈತಿ ಬಿಡು. ಹುಬ್ಬಳ್ಳಿಯಲ್ಲೇ ಒಳ್ಳೊಳ್ಳೆ ಕಣ್ಣಿನ ಆಸ್ಪತ್ರೆ ಇವೆ, ಅಲ್ಲಾದರೂ ಮಾಡಿಸು ಅಂದರೆ, ತಮ್ಮ ದಿನವಿಡೀ ಹೊಲದಲ್ಲಿರುತ್ತಾನೆ, ಆಪರೇಷನ್ ಆದಮೇಲೆ ಹನಿ ಹಾಕುವವರು ಯಾರು ಅನ್ನುತ್ತಿದ್ದಳು. ಅದೂ ಸುಳ್ಳಲ್ಲ. ಮಗಳು ಕೇಳಿದ ಒಂದು ಪ್ರಶ್ನೆಗೆ ಅವೆಲ್ಲ ಉತ್ತರ ಪಕ್ಕಕ್ಕೆ ಸರಿದವು.

ತಮ್ಮ ರಾತ್ರಿ ಬಸ್ಸಿನಲ್ಲಿ ಕರೆತಂದು ಬಿಟ್ಟು ಹೋದ. ಅಕ್ಟೋಬರ್ 17ಕ್ಕೆ ಇಲ್ಲೇ ಡೊಂಬಿವಲಿಯ ಒಂದು ಕಣ್ಣಿನ ಆಸ್ಪತ್ರೆಯಲ್ಲಿ ಬಲಗಣ್ಣಿನ ಆಪರೇಷನ್ ಆಯಿತು. ಅರ್ಧ ತಾಸಿನ ಕೆಲಸ. ಹಳೇ ಮಸೂರ ತೆಗೆದು ಹೊಸದು ಕೂರಿಸುತ್ತಾರೆ. ಕಷ್ಟ ಇರೋದು ಆಮೇಲಿನ ಜೋಪಾನದಲ್ಲಿ. ಕಣ್ಣಿಗೆ ನೀರು ತಾಗಬಾರದು, ಭಾರ ಎತ್ತಬಾರದು, ಕಣ್ಣು ಉಜ್ಜಬಾರದು. ಹನಿ ಮೊದಲ ವಾರ ದಿನಕ್ಕೆ ಆರು ಸಲ, ಆಮೇಲೆ ವಾರ ವಾರ ಒಂದೊಂದು ಕಡಿಮೆ. ಎರಡು ಔಷಧಿಯ ನಡುವೆ ಐದು ನಿಮಿಷ ಬಿಡಬೇಕು. ನಾನು ಒಂದು ವಾರ ರಜೆ ಹಾಕಿದೆ. ಅಷ್ಟರಲ್ಲಿ ಶಾಲೆಗೆ ದೀಪಾವಳಿ ರಜೆ ಹತ್ತಿರ ಬಂತು. ಅಲ್ಲಿಂದ ಹನಿಯ ಜವಾಬ್ದಾರಿ ಪುಟ್ಟಿಯದು.

ಮೊದಲ ದಿನವೇ ಅವಳು ಡ್ರಾಯಿಂಗ್ ಹಾಳೆ ತಂದು ಸ್ಕೆಚ್ ಪೆನ್‌ನಲ್ಲಿ ದೊಡ್ಡದಾಗಿ ವೇಳಾಪಟ್ಟಿ ಬರೆದಳು. ಮೇಲೆ "ಅಜ್ಜಿಯ ಕಣ್ಣಿನ ಹನಿ". ಕೆಳಗೆ ಬೆಳಿಗ್ಗೆ, ಮಧ್ಯಾಹ್ನ, ಸಂಜೆ, ಅದರ ಮುಂದೆ ಗಂಟೆಗಳು. ಮಧ್ಯಾಹ್ನ ಅನ್ನುವ ಶಬ್ದವನ್ನು ಮೂರು ಸಲ ಹೊಡೆದು ಮತ್ತೆ ಬರೆದಳು. ಹಾಳೆಯನ್ನು ಮಂಚದ ಎದುರಿನ ಕಪಾಟಿಗೆ ಅಂಟಿಸಿದಳು. ನಾಲ್ಕನೇ ದಿನ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದೆ. ಒಳಗಿನಿಂದ ಅವ್ವನ ದನಿ ಕೇಳಿತು. "ಅ... ಜ್ಜಿ... ಯ. ಕ... ಣ್ಣಿ... ನ. ಹ... ನಿ." ಯಾರಿಗೂ ಕೇಳಲಿ ಅಂತ ಓದಿದ್ದಲ್ಲ. ತನ್ನಷ್ಟಕ್ಕೆ ಓದಿಕೊಳ್ಳುತ್ತಿದ್ದಳು. ನನ್ನ ಕೈ ರೊಟ್ಟಿ ಮೇಲೇ ನಿಂತಿತು. ಎಷ್ಟೋ ವರ್ಷದ ಮೇಲೆ ಅವ್ವ ಓದುವುದನ್ನು ಕೇಳುತ್ತಿದ್ದೆ.

ಹತ್ತಿರದ ಅಕ್ಷರಕ್ಕೆ ಕನ್ನಡಕ ಬೇಕು, ಅದು ನವೆಂಬರ್ ಕೊನೆಗೆ ಬಂತು. ಅವತ್ತು ಅವ್ವ ಚೀಲದ ತಳದಿಂದ ಮಡಿಸಿಟ್ಟ ನೀಲಿ ಕಾಗದ ತೆಗೆದಳು. ಊರಿನಿಂದ ತಂದಿದ್ದಳು ಅಂತ ನಮಗ್ಯಾರಿಗೂ ಗೊತ್ತಿರಲಿಲ್ಲ. ಗ್ಯಾಲರಿಯ ಬೆಳಕಿಗೆ ಹಿಡಿದು ಬೆರಳಿಟ್ಟು ಓದಿದಳು. ಮಗಳು ಪಕ್ಕದಲ್ಲಿ ಕೂತು ಅದೇ ಬೆರಳಿನ ಜೊತೆ ಓದಿದಳು. ಇಬ್ಬರ ಓದಿನ ವೇಗವೂ ಒಂದೇ. ಬೆಳೆ ಸಾರು ಬಂದಾಗ ಬೆರಳು ನಿಂತಿತು. "ಇಲ್ಲೆ ದೀರ್ಘ ಬೇಕವಾ" ಅಂದಳು ಅವ್ವ. ಪುಟ್ಟಿ ಎರಡು ಚಪ್ಪಾಳೆ ತಟ್ಟಿದಳು.

ಈ ಎರಡು ಎಂಟ್ರಿಗೆ ವೌಚರ್ ಆಗಿ ನನ್ನ ಹತ್ತಿರ ಇದ್ದದ್ದು ಕಪಾಟಿನಿಂದ ಬಿಡಿಸಿಟ್ಟ ಆ ಡ್ರಾಯಿಂಗ್ ಹಾಳೆ, ಆಸ್ಪತ್ರೆಯ ಫೈಲು. ಕಾಗದವನ್ನು ಅವ್ವ ವಾಪಸ್ ಊರಿಗೆ ಒಯ್ದಳು. ಎಡಗಣ್ಣು ಇನ್ನೂ ಬಾಕಿ ಇದೆ, ಅದನ್ನು ಮುಂದಿನ ವರ್ಷಕ್ಕೆ ಎತ್ತಿ ಬರೆದೆ. ಯಾರು ಕೇಳಿದರು? ಕನ್ನಡದ ಮುಂದೆ ಅವ್ವ ಅಂತ ಬರೆದೆ. ಕಣ್ಣಿನ ಮುಂದೆ ಮಗಳು ಅಂತ ಬರೆದೆ.

ಆರನೆಯದು ಸಿಟ್ಟು. ಇದಕ್ಕೆ ವೌಚರ್ ಎಲ್ಲಿಂದ ತರೋದು? ಸಂಜೆ ಅವರಿಬ್ಬರೂ ಬಂದ ಮೇಲೆ ಮಗಳನ್ನೇ ಕೇಳಿದೆ, ಈ ವರ್ಷ ಅಮ್ಮನಿಗೆ ಸಿಟ್ಟು ಕಡಿಮೆ ಆಗಿದೆಯಾ ಅಂತ. ಅವಳು ಯೋಚನೆ ಮಾಡಿ ಹೇಳಿದಳು, "ಊಟ ಆದಮೇಲೆ ನೀನು ಸಿಟ್ಟು ಮಾಡಲ್ಲ. ಟ್ರೇನ್‌ನಿಂದ ಬಂದಕೂಡಲೇ ಮಾಡ್ತೀಯಾ." ನಮ್ಮ ಮನೆಯವರೂ ತಲೆಯಾಡಿಸಿದರು. ಯೋಚಿಸಿದರೆ ನಿಜ. ಒಂದು ಗಂಟೆಗೆ ಡಬ್ಬಿ ಊಟ, ಆಮೇಲೆ ಎಂಟೂವರೆ ತನಕ ಒಂದು ಚಹಾ ಬಿಟ್ಟರೆ ಏನೂ ಇಲ್ಲ. ನಾನು ಸ್ವಭಾವ ಅಂತ ಬರೆದುಕೊಂಡಿದ್ದು ಅರ್ಧ ಹಸಿವು. ಮರುದಿನದಿಂದಲೇ ಚೀಲದಲ್ಲಿ ಒಂದು ಡಬ್ಬಿ ಶೇಂಗಾ, ಬೆಲ್ಲ ಇಟ್ಟುಕೊಂಡೆ. ಕುರ್ಲಾ ದಾಟಿದ ಮೇಲೆ ತಿನ್ನುತ್ತೇನೆ.

ರಾತ್ರಿ ಎಲ್ಲರೂ ಮಲಗಿದ ಮೇಲೆ ಹಾಳೆ ಮತ್ತೆ ನೋಡಿದೆ. ನಾಲ್ಕನೇ ಕಾಲಂ ತುಂಬಿದ ಕಡೆಯೆಲ್ಲ ಪೂರ್ತಿಯೋ ಅರ್ಧವೋ ಕೆಲಸ ಆಗಿದೆ. ಖಾಲಿ ಇದ್ದ ಕಡೆ ಆಗಿಲ್ಲ. ನಿಜ ಹೇಳಬೇಕೆಂದರೆ ಮೊದಲು ನೋವಾಯಿತು. ಓಟ ನನ್ನೊಬ್ಬಳದೇ ಆಸೆ. ನನ್ನ ಆಸೆಯನ್ನು ನಾನೇ ಕೇಳಿಕೊಂಡರೆ ಯಾಕೆ ಸಾಕಾಗಲ್ಲ? ನಾನೇನು ಬೇರೆಯವರು ಕೇಳಿದರೆ ಮಾತ್ರ ಏಳುವವಳಾ? ಈ ಪ್ರಶ್ನೆ ಇಟ್ಟುಕೊಂಡೇ ಮಲಗಿದೆ, ಸರಿಯಾಗಿ ನಿದ್ದೆ ಬರಲಿಲ್ಲ.

ಸೋಮವಾರ ಬೆಳಿಗ್ಗೆ ಪ್ಲಾಟ್‌ಫಾರ್ಮ್‌ಗೆ ಬಂದಾಗ ಎರಡು ನಿಮಿಷ ತಡವಾಗಿತ್ತು. ಫೋನಿನಲ್ಲಿ ಆಗಲೇ ಮೂರು ಮೆಸೇಜ್. "ಕುಠೆ ಆಹೇಸ್?" ಎಲ್ಲಿದ್ದೀಯಾ ಅಂತ. ನಮ್ಮ ಲೇಡೀಸ್ ಡಬ್ಬಿಯ ಗುಂಪು. ಎಂಟು ವರ್ಷದಿಂದ ಒಟ್ಟಿಗೆ ಹೋಗುತ್ತೇವೆ. ಮೂವರು ಕೂರುವ ಬೆಂಚಿನಲ್ಲಿ ಸರಿದು ಕೂತು ಫೋರ್ತ್ ಸೀಟ್ ಅಂತ ಒಂದಿಷ್ಟು ಜಾಗ ಮಾಡುತ್ತಾರೆ. ಅವತ್ತು ಓಡಿ ಹತ್ತಿದೆ. ಅವರಲ್ಲೊಬ್ಬಳು ನನಗಾಗಿ ಆ ಅಂಚನ್ನು ಚೀಲ ಇಟ್ಟು ಹಿಡಿದಿದ್ದಳು. ಎಂಟು ವರ್ಷ ನಾನು ಲೋಕಲ್ ತಪ್ಪಿಸದಿರುವುದು ಬರೀ ನನ್ನ ಶಿಸ್ತು ಅಂದುಕೊಂಡಿದ್ದೆ. ಅದರಲ್ಲಿ ಈ ಚೀಲದ ಪಾಲೂ ಇತ್ತು. ಆ ಅಂಚಿನಲ್ಲಿ ಕೂತಾಗ ರಾತ್ರಿಯ ನೋವು ಕಡಿಮೆಯಾಯಿತು.

ನಮ್ಮ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಬ್ಬ ಮರಾಠಿ ವಹಿನಿ, ಅಂದರೆ ಅತ್ತಿಗೆ, ಇದ್ದಾರೆ. ಬ್ಯಾಂಕಿನಲ್ಲಿ ಕೆಲಸ. ಅವರೂ ಬೆಳಿಗ್ಗೆ ನಡೆಯಲು ಹೋಗುತ್ತಿದ್ದರು, ಬಿಟ್ಟಿದ್ದರು. ಡಿಸೆಂಬರ್ 31ರ ಸಂಜೆ ಅವರ ಬಾಗಿಲು ತಟ್ಟಿ ಕೇಳಿದೆ. ಮೊದಲು ವಾರಕ್ಕೆ ಮೂರು ದಿನ. ಜನವರಿ 19ರ ಮ್ಯಾರಥಾನ್ ನೋಡಲು ಹೋಗುವುದು, ಓಡುವುದು ಅದರ ಮುಂದಿನ ವರ್ಷ. ಅವರು ಒಳಗಿನಿಂದ ತಮ್ಮ ಶೂ ತಂದು ತೋರಿಸಿದರು, ಅಡಿ ಇನ್ನೂ ಸವೆದಿರಲಿಲ್ಲ.

ಹೊಸ ಡೈರಿಯಲ್ಲಿ ಈ ಸಲ ಮೊದಲೇ ನಾಲ್ಕು ಕಾಲಂ ಹಾಕಿದ್ದೇನೆ. ಪುಸ್ತಕ 12, ಅದರಲ್ಲಿ ಕಪಾಟಿನ ನಾಲ್ಕೂ ಸೇರಿವೆ. ಓದಿ ಮುಗಿಸಿ ಗ್ರಂಥಾಲಯಕ್ಕೇ ಕೊಡುತ್ತೇನೆ ಅಂತ ಕಾಕಾಗೆ ಹೇಳಿಬಿಟ್ಟಿದ್ದೇನೆ. ಸುಕನ್ಯಾ ಕಂತಿಗೆ ತಿಂಗಳ 3ನೇ ತಾರೀಖು. ಅವ್ವನ ಎಡಗಣ್ಣು ಫೆಬ್ರವರಿಯಲ್ಲಿ. ಪುಟ್ಟಿ ಈಗ ಅಜ್ಜಿಗೆ ಎರಡನೇ ಕಾಗದ ಬರೆಯುತ್ತಿದ್ದಾಳೆ, ಮೊದಲನೆಯದಕ್ಕೆ ಪೋಸ್ಟ್ ಕಾರ್ಡಿನಲ್ಲಿ ನಾಲ್ಕು ಸಾಲಿನ ಉತ್ತರ ಬಂದಿದೆ. ಸಾಲು ಮೇಲೆ ಕೆಳಗೆ ಓಡಿವೆ, ಆದರೆ ಎಲ್ಲ ದೀರ್ಘವೂ ಸರಿಯಾಗಿದೆ.

ಈಗ ರಾತ್ರಿ ಹನ್ನೊಂದು ಆಗುತ್ತಾ ಬಂತು. ಹೊರಗೆ ಪಟಾಕಿ ಶುರುವಾಗಿದೆ. ವಹಿನಿಯಿಂದ ಮೆಸೇಜ್ ಬಂದಿದೆ, ನಾಳೆ 5.40ಕ್ಕೆ ಗೇಟಿನ ಹತ್ತಿರ ನಿಂತಿರ್ತೀನಿ ಅಂತ. ಶೂ ಬಾಗಿಲ ಪಕ್ಕ ಇಟ್ಟು ಬಂದಿದ್ದೇನೆ. ಅಲಾರಂ ಐದಕ್ಕೆ ಇಟ್ಟಿದ್ದೇನೆ.